ಸಿಗ್ನಸ್ ಅನ್ನೋ ಪುಟ್ಟ ಓಪನ್ ಸೋರ್ಸ್ ಕಂಪನಿ ಬೆಳೆದಿದ್ದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಫ್ರೀಯಾಗಿ ಸಿಗೋ ಸಾಫ್ಟ್‌ವೇರ್ ಇಟ್ಕೊಂಡು ಕಂಪನಿ ಕಟ್ಟೋಕಾಗುತ್ತಾ ಅಂತ ಕೇಳೋರಿಗೆ ನಾನು ಯಾವಾಗ್ಲೂ ಸಿಗ್ನಸ್ ಕಥೆನೇ ಹೇಳೋದು. ಲಿನಕ್ಸ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಇಟ್ಕೊಂಡು ಬೆಳೆದ ರೆಡ್ ಹ್ಯಾಟ್ ಎಲ್ಲರಿಗೂ ಗೊತ್ತು, ಆದ್ರೆ ರೆಡ್ ಹ್ಯಾಟ್ ಹುಟ್ಟೋಕೂ ಮುಂಚೆ, ಲಿನಕ್ಸ್ ಅನ್ನೋದೇ ಇಲ್ಲದ ಕಾಲದಲ್ಲಿ, ಮೂರು ಜನ ಸೇರಿ ಇದನ್ನ ಮಾಡಿ ತೋರಿಸಿದ್ರು. ನಾನು ಎಂಬೆಡೆಡ್ ಕೆಲಸದವನು, ಅಂದ್ರೆ ಯಂತ್ರಗಳ ಒಳಗಿರೋ ಪುಟ್ಟ ಚಿಪ್ಪಿಗೆ ಪ್ರೋಗ್ರಾಮ್ ಬರೆಯೋನು, ದಿನಾ ಬೆಳಗಾದ್ರೆ ಜಿಸಿಸಿ (ಬರೆದ ಪ್ರೋಗ್ರಾಮನ್ನ ಚಿಪ್ಪಿಗೆ ಅರ್ಥವಾಗೋ ಕೋಡ್ ಮಾಡೋ ಕಂಪೈಲರ್), ಜಿಡಿಬಿ (ಅದರಲ್ಲಿನ ತಪ್ಪು ಹುಡುಕೋ ಡೀಬಗ್ಗರ್) ಜೊತೆನೇ ಇರೋದು, ಹಾಗಾಗಿ ಈ ಕಂಪನಿ ಮೇಲೆ ನಂಗೆ ಗೌರವ ಸ್ವಲ್ಪ ಜಾಸ್ತಿನೇ. ಮತ್ತೆ ಮತ್ತೆ ಬರೋ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಹಾಕಿದೀನಿ.

ಪ್ರ: ಸಿಗ್ನಸ್ಸಾ? ಹೆಸರೇ ಕೇಳಿಲ್ವಲ್ಲ, ಯಾವ ಕಂಪನಿ ಇದು?

ವಿಂಡೋಸಲ್ಲಿ ಯೂನಿಕ್ಸ್ ಟೂಲ್‌ಗಳನ್ನ ಓಡಿಸೋಕೆ ಸಿಗ್‌ವಿನ್ ಬಳಸಿದೀರಾ? ಅದರ ಹೆಸರಲ್ಲಿರೋ ಸಿಗ್ ಇದೇ ಸಿಗ್ನಸ್. 1989ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು, ಮೊದ್ಲು ಸಿಗ್ನಸ್ ಸಪೋರ್ಟ್ ಅಂತ ಹೆಸರು, ಆಮೇಲೆ ಸಿಗ್ನಸ್ ಸೊಲ್ಯೂಷನ್ಸ್ ಆಯ್ತು. ರಿಚರ್ಡ್ ಸ್ಟಾಲ್ಮನ್ ಶುರು ಮಾಡಿದ, ಫ್ರೀ ಸಾಫ್ಟ್‌ವೇರ್ ಬರೆಯೋ ಗ್ನು ಪ್ರಾಜೆಕ್ಟಿನ ಟೂಲ್‌ಗಳು, ಅಂದ್ರೆ ಜಿಸಿಸಿ ಕಂಪೈಲರ್, ಜಿಡಿಬಿ ಡೀಬಗ್ಗರ್, ಅಸೆಂಬ್ಲರ್, ಲಿಂಕರ್ ಇವನ್ನ ಹೊಸ ಹೊಸ ಚಿಪ್‌ಗಳಿಗೆ ಪೋರ್ಟ್ ಮಾಡೋದು (ಅಲ್ಲೂ ಕೆಲಸ ಮಾಡೋ ಹಾಗೆ ಹೊಂದಿಸೋದು), ರಿಪೇರಿ ಮಾಡೋದು, ಕಂಪನಿಗಳಿಗೆ ಸಪೋರ್ಟ್ ಕೊಡೋದು ಇವರ ಕೆಲಸ. 1999ರ ಕೊನೆಗೆ ರೆಡ್ ಹ್ಯಾಟ್ ಇದನ್ನ ಕೊಂಡ್ಕೊಳ್ತು. ಬರೀ ಹತ್ತು ವರ್ಷದ ಕಥೆ.

ಪ್ರ: ಯಾರು ಶುರು ಮಾಡಿದ್ದು? ದುಡ್ಡು ಎಲ್ಲಿಂದ ಬಂತು?

ಮೈಕಲ್ ಟೀಮನ್, ಜಾನ್ ಗಿಲ್ಮೋರ್, ಡೇವಿಡ್ ಹೆಂಕೆಲ್-ವಾಲೇಸ್, ಈ ಮೂರು ಜನ. ಟೀಮನ್ ಗ್ನು ಸಿ ಪ್ಲಸ್ ಪ್ಲಸ್ ಕಂಪೈಲರ್ ಬರೆದವರು. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಜಿಸಿಸಿ ರಿಲೀಸ್ ಮಾಡಿದ್ಮೇಲೆ ಅದನ್ನ ತಗೊಂಡು ನ್ಯಾಷನಲ್ ಸೆಮಿಕಂಡಕ್ಟರ್‌ನ ಒಂದು ಚಿಪ್‌ಗೆ ಕೆಲವೇ ವಾರದಲ್ಲಿ ಪೋರ್ಟ್ ಮಾಡಿದ್ರು, ನೋಡಿದ್ರೆ ಆ ಕಂಪನಿ ತಾನೇ ಮಾಡಿಟ್ಟಿದ್ದ ಕಂಪೈಲರಿಗಿಂತ ಇದು ಹಾಕೋ ಕೋಡೇ ಫಾಸ್ಟು. ಒಬ್ಬ ಹುಡುಗ, ಸೋರ್ಸ್ ಕೋಡ್ ಕೈಯಲ್ಲಿದೆ ಅನ್ನೋ ಒಂದೇ ಕಾರಣಕ್ಕೆ, ದೊಡ್ಡ ಕಂಪನಿಯ ಕಂಪೈಲರ್ ಟೀಮನ್ನ ಮೀರಿಸಿದ ಅಂದ್ರೆ ಇದರಲ್ಲಿ ಬಿಸಿನೆಸ್ ಇದೆ ಅಂತ ಅವರಿಗೆ ಅಲ್ಲೇ ಹೊಳೀತು. ಗಿಲ್ಮೋರ್ ಸನ್ ಮೈಕ್ರೋಸಿಸ್ಟಮ್ಸ್‌ನ ಐದನೇ ನೌಕರ, ಮುಂದೆ 1990ರಲ್ಲಿ ಡಿಜಿಟಲ್ ಹಕ್ಕುಗಳ ಪರ ಹೋರಾಡೋ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಕಟ್ಟಿದವರಲ್ಲೂ ಒಬ್ರು.

ಬಂಡವಾಳ 6,000 ಡಾಲರ್. ಹೂಡಿಕೆದಾರರು ಯಾರೂ ಇಲ್ಲ. ಆಮೇಲೆ ಎಷ್ಟೋ ವರ್ಷ ಕಸ್ಟಮರ್ ಕೊಟ್ಟ ದುಡ್ಡಲ್ಲೇ ನಡೀತು. ಈ ಒಂದು ವಿಷಯನ ಸ್ವಲ್ಪ ನೆನಪಲ್ಲಿಟ್ಕೊಂಡು ಮುಂದೆ ಓದಿ, ಅವರು ತಗೊಂಡ ಬಹಳಷ್ಟು ನಿರ್ಧಾರ ಇದರಿಂದಲೇ ಅರ್ಥ ಆಗತ್ತೆ.

ಪ್ರ: ಕೋಡ್ ಎಲ್ಲರಿಗೂ ಪುಕ್ಕಟೆ ಸಿಗ್ತಿರೋವಾಗ ಕಸ್ಟಮರ್ ದುಡ್ಡು ಯಾಕೆ ಕೊಡ್ತಾನೆ?

ಎಲ್ಲರೂ ಕೇಳೋದು ಇದನ್ನೇ. ಉತ್ತರ ಸಿಗಬೇಕು ಅಂದ್ರೆ ಕಸ್ಟಮರ್ ಕುರ್ಚಿಯಲ್ಲಿ ಕೂತು ನೋಡ್ಬೇಕು. 1990ರಲ್ಲಿ ನಿಮ್ಮದೊಂದು ನೆಟ್‌ವರ್ಕಿಂಗ್ ಬಾಕ್ಸ್ ಮಾಡೋ ಕಂಪನಿ ಇದೆ ಅಂತಿಟ್ಕೊಳ್ಳಿ. ಚಿಪ್ ಕಂಪನಿ ಕೊಟ್ಟ ಕಂಪೈಲರಲ್ಲಿ ಬಗ್ ಇದೆ, ಆಪ್ಟಿಮೈಸೇಷನ್ ಆನ್ ಮಾಡಿದ್ರೆ ತಪ್ಪು ಕೋಡ್ ಬರುತ್ತೆ, ಕಂಪ್ಲೇಂಟ್ ಕೊಟ್ರೆ ಮುಂದಿನ ರಿಲೀಸಲ್ಲಿ ನೋಡೋಣ ಅಂತಾರೆ, ಆ ಮುಂದಿನ ರಿಲೀಸ್ ಯಾವಾಗ ಅನ್ನೋದು ಯಾರಿಗೂ ಗೊತ್ತಿಲ್ಲ, ನಿಮ್ಮ ಪ್ರಾಡಕ್ಟ್ ಮಾತ್ರ ಇನ್ನೆರಡು ತಿಂಗಳಲ್ಲಿ ಹೊರಗೆ ಹೋಗ್ಬೇಕು. ಜಿಸಿಸಿ ಸೋರ್ಸ್ ನಿಮ್ಮ ಹತ್ರ ಇದೆ ಸರಿ, ಆದ್ರೆ ಒಂದು ಲಕ್ಷಕ್ಕಿಂತ ಜಾಸ್ತಿ ಸಾಲಿನ ಕಂಪೈಲರ್ ಬಿಚ್ಚಿ ರಿಜಿಸ್ಟರ್ ಅಲೊಕೇಟರಲ್ಲಿ ಎಲ್ಲಿ ತಪ್ಪಾಗಿದೆ ಅಂತ ಹುಡುಕೋ ಆಳು ನಿಮ್ಮ ಆಫೀಸಲ್ಲಿ ಇಲ್ಲ. ಅಂಥವರನ್ನ ಕೆಲಸಕ್ಕೆ ಇಟ್ಕೊಳ್ಳೋಣ ಅಂದ್ರೆ ಜಗತ್ತಲ್ಲೇ ಬೆರಳೆಣಿಕೆಯಷ್ಟು ಜನ. ಅಂಥವರೆಲ್ಲ ಒಂದೇ ಕಡೆ ಕೂತಿರೋ ಕಂಪನಿ ಒಂದಿದ್ದು, ನೀವೇ ಒಳಗೆ ಟೀಮ್ ಇಟ್ಕೊಂಡು ಮಾಡಿಸೋ ಖರ್ಚಿನ ಅರ್ಧಕ್ಕೋ ಕಾಲು ಭಾಗಕ್ಕೋ ಮಾಡ್ಕೊಡ್ತೀವಿ ಅಂದ್ರೆ? ದುಡ್ಡು ಕೊಡ್ತೀರ, ಖುಷಿಯಿಂದಲೇ ಕೊಡ್ತೀರ.

ಅವರ ಜಾಹೀರಾತಿನ ಸಾಲು ಕೂಡ ಇದನ್ನೇ ಹೇಳ್ತಿತ್ತು, ಫ್ರೀ ಸಾಫ್ಟ್‌ವೇರನ್ನ ನಿಮ್ಮ ಕೈಗೆಟುಕೋ ಹಾಗೆ ಮಾಡ್ತೀವಿ ಅಂತ. ಡೌನ್‌ಲೋಡ್ ಮಾಡೋಕೆ ಕಾಸು ಬೇಡ ನಿಜ, ಆದ್ರೆ ಅದನ್ನ ನಂಬಿ ಪ್ರಾಡಕ್ಟ್ ಮಾಡೋಕೆ ಖರ್ಚಿದೆ, ಆ ಖರ್ಚು ಕಮ್ಮಿ ಮಾಡ್ಕೊಡೋದೇ ಇವರ ವ್ಯಾಪಾರ.

ಪ್ರ: ಜಿಪಿಎಲ್ ಸಾಫ್ಟ್‌ವೇರಿಗೆ ದುಡ್ಡು ತಗೊಳ್ಳೋದು ಲೈಸೆನ್ಸ್ ಪ್ರಕಾರ ತಪ್ಪಲ್ವಾ?

ತಪ್ಪಲ್ಲ. ಜಿಪಿಎಲ್ ಅಂದ್ರೆ ಗ್ನು ಸಾಫ್ಟ್‌ವೇರಿನ ಲೈಸೆನ್ಸ್, ಅದನ್ನ ಬರೆದ ಸ್ಟಾಲ್ಮನ್ ಅವರೇ 1985ರಲ್ಲಿ ಈಮ್ಯಾಕ್ಸ್ ಅನ್ನೋ ಎಡಿಟರಿನ ಟೇಪನ್ನ 150 ಡಾಲರಿಗೆ ಮಾರ್ತಿದ್ರು. ಎಷ್ಟು ಬೇಕಾದ್ರೂ ತಗೊಳ್ಳಿ, ಆದ್ರೆ ನೀವು ಬೈನರಿ (ಓಡೋಕೆ ರೆಡಿ ಇರೋ ಪ್ರೋಗ್ರಾಮ್) ಯಾರಿಗೆ ಕೊಟ್ರೋ ಅವರಿಗೆ ಸೋರ್ಸೂ ಸಿಗಬೇಕು, ಅವರು ಅದನ್ನ ಬದಲಾಯಿಸೋಕೆ, ಬೇರೆಯವರಿಗೆ ಹಂಚೋಕೆ ನೀವು ಅಡ್ಡ ಬರೋ ಹಾಗಿಲ್ಲ, ಅಷ್ಟೇ.

ಪ್ರ: ಮೊದಲ ವರ್ಷ ಹೇಗಿತ್ತು? ತುಂಬ ಕಷ್ಟ ಪಟ್ರಾ?

ಆರ್ಡರ್‌ಗೆ ಕಷ್ಟ ಇರಲಿಲ್ಲ. ಮೊದಲ ವರ್ಷ ಮುಗಿಯೋ ಹೊತ್ತಿಗೆ 7,25,000 ಡಾಲರಿನ ಸಪೋರ್ಟ್ ಮತ್ತು ಡೆವಲಪ್‌ಮೆಂಟ್ ಕಾಂಟ್ರಾಕ್ಟ್ ಕೈಯಲ್ಲಿತ್ತು. 6,000 ಡಾಲರಿಂದ ಶುರುವಾದ ಕಂಪನಿಗೆ ಇದು ಚಿಕ್ಕ ವಿಷಯ ಅಲ್ಲ.

ಕಷ್ಟ ಬಂದಿದ್ದು ಆ ಕಾಂಟ್ರಾಕ್ಟ್ ಮುಗಿಸೋದರಲ್ಲಿ. ಒಬ್ಬ ಕಸ್ಟಮರಿಗೆ ಒಂದು ಚಿಪ್ ಪೋರ್ಟ್, ಇನ್ನೊಬ್ಬರಿಗೆ ಇನ್ನೊಂದು ಟೂಲ್, ಮತ್ತೊಬ್ಬರಿಗೆ ಹಳೇ ವರ್ಷನ್ನಿಗೆ ಪ್ಯಾಚ್, ಹೀಗೆ ಬಂದ ಕೆಲಸ ಎಲ್ಲ ಒಪ್ಕೊಂಡ್ರೆ ಜನ ಹಂಚಿಹೋಗ್ತಾರೆ, ಒಂದಕ್ಕೆ ಕಲಿತಿದ್ದು ಇನ್ನೊಂದಕ್ಕೆ ಉಪಯೋಗಕ್ಕೆ ಬರಲ್ಲ, ಆದಾಯ ಡಬಲ್ ಆದ್ರೆ ಖರ್ಚೂ ಡಬಲ್. ಸರ್ವಿಸ್ ಕಂಪನಿ ಯಾವ್ದೇ ಆಗ್ಲಿ ಸಿಕ್ಕಿ ಬೀಳೋ ಜಾಗ ಇದು. ನಮ್ಮ ಬೆಂಗಳೂರಲ್ಲೂ ಇಂಥದ್ದನ್ನ ಎಷ್ಟೋ ನೋಡಿದೀನಿ, ತಿಂಗಳ ಬಿಲ್ಲಿಂಗ್ ಚೆನ್ನಾಗೇ ಇರುತ್ತೆ, ಹತ್ತು ವರ್ಷ ಆದ್ಮೇಲೂ ಕಂಪನಿ ಹತ್ರ ತನ್ನದು ಅಂತ ಏನೂ ಇರಲ್ಲ.

ಪ್ರ: ಹಾಗಾದ್ರೆ ಅದರಿಂದ ಹೊರಗೆ ಬಂದಿದ್ದು ಹೇಗೆ?

ಸಿಗ್ನಸ್ ಬೆಳೆದಿದ್ದರ ಗುಟ್ಟು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ, ಆದ್ರಿಂದ ಇದನ್ನ ಸ್ವಲ್ಪ ಉದ್ದ ಬರೀತೀನಿ.

ಗ್ನುನಲ್ಲಿ ನೂರೆಂಟು ಪ್ರೋಗ್ರಾಮ್ ಇದ್ವು, ಈಮ್ಯಾಕ್ಸ್ ಇಂದ ಹಿಡಿದು ಶೆಲ್ ತನಕ. ಎಲ್ಲದಕ್ಕೂ ಸಪೋರ್ಟ್ ಕೊಡೋ ಆಸೆ ಬಿಟ್ಟು ಕಂಪೈಲರ್, ಡೀಬಗ್ಗರ್, ಅದರ ಜೊತೆಗೆ ಬೇಕೇಬೇಕಾದ ಅಸೆಂಬ್ಲರ್ ಲಿಂಕರ್ ಇಷ್ಟಕ್ಕೇ ನಿಂತ್ರು. ಎರಡನೇದು ಇದಕ್ಕಿಂತ ಕಷ್ಟದ್ದು. ಆಗ ಜಿಡಿಬಿ ಒಂದೊಂದು ಕಡೆ ಒಂದೊಂದು ರೂಪದಲ್ಲಿತ್ತು, ಪ್ರತಿ ಯೂನಿವರ್ಸಿಟಿ, ಪ್ರತಿ ಕಂಪನಿ ತಮ್ಮ ಮಷೀನಿಗೆ ಬೇಕಾದ ಹಾಗೆ ತಿದ್ಕೊಂಡು ತಮ್ಮ ಹತ್ರವೇ ಇಟ್ಕೊಂಡಿದ್ರು. ಗಿಲ್ಮೋರ್ 1990ರಿಂದ 1993ರವರೆಗೆ ಜಿಡಿಬಿ ಮೇಂಟೇನರ್ (ಅದರ ಮುಖ್ಯ ಸೋರ್ಸ್ ನೋಡ್ಕೊಳ್ಳೋರು) ಆಗಿ ಅದನ್ನೆಲ್ಲ ಕಲೆಹಾಕಿ ಒಂದೇ ಸೋರ್ಸಿಗೆ ತಂದ್ರು. ಕಂಪೈಲರ್ ಕಥೆನೂ ಹಾಗೇ.

ಒಂದೇ ಸೋರ್ಸ್ ಆದ್ರೆ ಏನ್ ಲಾಭ ಅಂತೀರಾ? ಲೆಕ್ಕ ಹಾಕಿ ನೋಡಿ. ಕಂಪೈಲರ್ ಓಡೋ ಮಷೀನ್ ಹೋಸ್ಟು, ಅದು ಕೋಡ್ ಹುಟ್ಟಿಸೋದು ಯಾವ ಚಿಪ್ಪಿಗೋ ಅದು ಟಾರ್ಗೆಟ್ಟು. ಆ ಕಾಲದಲ್ಲಿ ಹೋಸ್ಟ್ ಅಂದ್ರೆ ಸನ್, ಎಚ್‌ಪಿ, ಡೆಕ್, ಐಬಿಎಂ, ಸಿಲಿಕಾನ್ ಗ್ರಾಫಿಕ್ಸ್ ಎಲ್ಲರದ್ದೂ ಬೇರೆ ಬೇರೆ ಯೂನಿಕ್ಸ್. ಟಾರ್ಗೆಟ್ ಅಂದ್ರೆ ಮೊಟೊರೊಲಾ 68000, ಇಂಟೆಲ್ ಐ960, ಮಿಪ್ಸ್, ಸ್ಪಾರ್ಕ್, ಹಿಟಾಚಿ ಚಿಪ್‌ಗಳು. ಐದು ಹೋಸ್ಟು ಹತ್ತು ಟಾರ್ಗೆಟ್ಟು ಅಂದ್ರೂ ಐವತ್ತು ಜೋಡಿ, ಒಂದೊಂದಕ್ಕೂ ಬೇರೆ ಸೋರ್ಸ್ ಇಟ್ಕೊಂಡ್ರೆ ಸತ್ತೇ ಹೋಗ್ತೀವಿ. ಒಂದೇ ಸೋರ್ಸಲ್ಲಿ ಎಲ್ಲ ಜೋಡಿನೂ ಬಿಲ್ಡ್ ಆಗೋ ಹಾಗೆ ಮಾಡಿದ್ರೆ ಹನ್ನೊಂದನೇ ಚಿಪ್ ಸೇರಿಸೋ ಖರ್ಚು ಮೊದಲನೇದರಷ್ಟು ಇರಲ್ಲ, ಮಿಪ್ಸಿನವರು ದುಡ್ಡು ಕೊಟ್ಟು ಸರಿ ಮಾಡಿಸಿದ ಬಗ್ ಹಿಟಾಚಿಯವರಿಗೂ ಸರಿಯಾಗಿರುತ್ತೆ, ಅವರು ಕೊಟ್ಟ ದುಡ್ಡಿನ ಕೆಲಸ ಇವರಿಗೂ ಸಿಗುತ್ತೆ. ಟೆಸ್ಟ್ ಮಾಡೋದು ಕೈಯಲ್ಲಿ ಆಗದ ಕೆಲಸ, ಅದಕ್ಕೆ ಡೆಜಾಗ್ನು ಅನ್ನೋ ಟೆಸ್ಟ್ ವ್ಯವಸ್ಥೆ ಅಲ್ಲೇ ಹುಟ್ಟಿತು. ಇಷ್ಟೆಲ್ಲ ಸೇರಿಸಿ ಗ್ನುಪ್ರೋ ಅಂತ ಹೆಸರಿಟ್ಟು, ಟೆಸ್ಟ್ ಆದ ರಿಲೀಸ್ ಹೊತ್ತು ಹೊತ್ತಿಗೆ ಕೊಡೋಕೆ ಶುರು ಮಾಡಿದ್ರು. ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡ್ಕೊಡ್ತಿದ್ದ ಕೆಲಸ ನಿಧಾನಕ್ಕೆ ಒಂದು ಪ್ರಾಡಕ್ಟ್ ಆಯ್ತು. 1992ರಿಂದ ಮುಂದೆ ವರ್ಷಕ್ಕೆ ಸರಾಸರಿ 65%ಗಿಂತ ಜಾಸ್ತಿ ಬೆಳೆದ್ವಿ ಅಂತ ಟೀಮನ್ ಬರೆದಿದ್ದಾರೆ, ಅದು ಈ ಕೆಲಸದ ಫಲ.

ಪ್ರ: ಸನ್ ಕಂಪನಿ ಕಂಪೈಲರ್ ಕಿತ್ತುಕೊಂಡಿದ್ದರಿಂದ ಇವರಿಗೆ ಲಾಟರಿ ಹೊಡೀತು ಅಂತಾರಲ್ಲ, ನಿಜನಾ?

ಅರ್ಧ ನಿಜ. ಮೊದ್ಲು ಸನ್ ವರ್ಕ್‌ಸ್ಟೇಷನ್ ತಗೊಂಡ್ರೆ ಸಿ ಕಂಪೈಲರ್ ಜೊತೆಗೇ ಬರ್ತಿತ್ತು, ಸೊಲಾರಿಸ್ 2ರಿಂದ ಅದನ್ನ ಬೇರೆ ಮಾಡಿ ಅದಕ್ಕೇ ಬೇರೆ ದುಡ್ಡು ಅಂದ್ರು. ಬಳಕೆದಾರರಿಗೆ ಸಿಟ್ಟು ಬಂತು, ಸಿಗ್ನಸ್ ಜಿಸಿಸಿ ಜಿಡಿಬಿನ ಸೊಲಾರಿಸ್ 2ಕ್ಕೆ ಪೋರ್ಟ್ ಮಾಡಿ ಕೊಡ್ತು, ಅಲ್ಲಿವರೆಗೆ ಜಿಸಿಸಿ ಕಡೆ ತಲೆಹಾಕದವರೂ ಬಳಸೋಕೆ ಶುರು ಮಾಡಿದ್ರು. ಆದ್ರೆ ಅವಕಾಶ ಬಾಗಿಲಿಗೆ ಬಂದಾಗ ಪೋರ್ಟ್ ಮಾಡೋ ಜನ ಒಂದೇ ಕಡೆ ರೆಡಿಯಾಗಿ ಇದ್ರಲ್ಲ, ಅದನ್ನ ಲಾಟರಿ ಅನ್ನೋಕೆ ನಂಗೆ ಮನಸ್ಸು ಬರಲ್ಲ.

ಪ್ರ: ಚಿಪ್ ಕಂಪನಿಗಳು ಇವರನ್ನೇ ಯಾಕೆ ಹುಡ್ಕೊಂಡು ಬಂದ್ವು?

ಕಂಪೈಲರ್ ಇಲ್ಲದ ಚಿಪ್ಪನ್ನ ಯಾರೂ ಕೊಳ್ಳಲ್ಲ. ಹೊಸ ಪ್ರೊಸೆಸರ್ ಮಾಡೋಕೆ ವರ್ಷಗಟ್ಟಲೆ ಬೇಕು, ಸಿಲಿಕಾನ್ ಕೈಗೆ ಬಂದ ದಿನವೇ ಕಸ್ಟಮರ್ ಕೋಡ್ ಬರೆಯೋಕೆ ಶುರು ಮಾಡ್ಬೇಕು ಅಂದ್ರೆ ಟೂಲ್ಸ್ ಅದಕ್ಕಿಂತ ಮುಂಚೆ ರೆಡಿ ಇರ್ಬೇಕು. ಸಿಗ್ನಸ್ ಕಂಪೈಲರ್ ಜೊತೆ ಸಿಮ್ಯುಲೇಟರ್ ಕೂಡ ಮಾಡ್ಕೊಡ್ತಿತ್ತು, ಅಂದ್ರೆ ಚಿಪ್ ಇನ್ನೂ ಪೇಪರ್ ಮೇಲಿರೋವಾಗಲೇ ಅದರ ಪ್ರೋಗ್ರಾಮ್ ನಿಮ್ಮ ವರ್ಕ್‌ಸ್ಟೇಷನಲ್ಲಿ ಓಡಿಸಿ, ಜಿಡಿಬಿ ಹಾಕಿ ಡೀಬಗ್ ಮಾಡಬಹುದು. ಸೋನಿ ಪ್ಲೇಸ್ಟೇಷನಿಗೂ ಇವರು ಕೆಲಸ ಮಾಡಿದ್ರು, ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರಿಗೆ ಗೇಮ್ ಬರೆಯೋರು ಬಳಸಿದ ಜಿಸಿಸಿನೂ ಸಿಗ್ನಸ್ ಕಡೆಯಿಂದ ಬಂದಿದ್ದೇ.

ಇನ್ನೊಂದು ಮುಖ್ಯ ವಿಷಯ, ಇಲ್ಲಿ ದುಡ್ಡು ಕೊಡೋನು ಚಿಪ್ ಮಾರೋನು, ಟೂಲ್ಸ್ ಪುಕ್ಕಟೆ ಸಿಗೋದು ಚಿಪ್ ಕೊಳ್ಳೋ ಸಾವಿರಾರು ಜನಕ್ಕೆ. ಯಾರಿಗೆ ಈ ಕೋಡ್ ಎಲ್ಲ ಕಡೆ ಹರಡಿದ್ರೆ ಲಾಭ ಇದೆಯೋ ಅವರ ಹತ್ರ ದುಡ್ಡು ತಗೊಂಡ್ರು. ಓಪನ್ ಸೋರ್ಸ್ ಕಂಪನಿ ಮಾಡೋರು ಈ ಪ್ರಶ್ನೆನ ಮೊದಲ ದಿನವೇ ಕೇಳ್ಕೋಬೇಕು.

ಪ್ರ: ಮಾಡಿದ ಕೆಲಸ ಎಲ್ಲ ವಾಪಸ್ ಪಬ್ಲಿಕ್ಕಿಗೆ ಕೊಟ್ರೆ ಪ್ರತಿಸ್ಪರ್ಧಿಗಳು ಎತ್ಕೊಂಡು ಹೋಗಲ್ವಾ?

ಎತ್ಕೊಂಡು ಹೋಗಬಹುದು, ಹೋದ್ರು ಕೂಡ. ಆದ್ರೆ ಕೊಡದೇ ಇದ್ರೆ ಅದಕ್ಕಿಂತ ದೊಡ್ಡ ಪೆಟ್ಟು. ನಿಮ್ಮ ಬದಲಾವಣೆ ನಿಮ್ಮ ಹತ್ರವೇ ಇಟ್ಕೊಂಡ್ರೆ ಮೇನ್ ಸೋರ್ಸ್ ಮುಂದೆ ಹೋದ ಹಾಗೆಲ್ಲ ನೀವು ಮರ್ಜ್ ಮಾಡ್ತಾನೇ ಇರ್ಬೇಕು, ಪ್ಯಾಚ್ ರಾಶಿ ಬೆಳೀತಾ ಹೋಗುತ್ತೆ, ಒಂದಿನ ಅದನ್ನ ಹೊತ್ಕೊಂಡು ಹೋಗೋದೇ ನಿಮ್ಮ ಫುಲ್ ಟೈಮ್ ಕೆಲಸ ಆಗುತ್ತೆ. ಊರ ಕೆರೆ ಹೂಳು ತೆಗೆಯೋಕೆ ಕೈಜೋಡಿಸದೆ ತನ್ನ ಹೊಲದ ಕಾಲುವೆ ಮಾತ್ರ ರಿಪೇರಿ ಮಾಡ್ಕೊಂಡವನ ಗತಿ ಅದು. ಮತ್ತೆ ಕೋಡ್ ಎತ್ಕೊಂಡು ಹೋದವರು ಅದನ್ನ ಬರೆದ ಜನನ ಎತ್ಕೊಂಡು ಹೋಗೋಕಾಗಲ್ಲ, ಕಸ್ಟಮರ್ ಕೊನೆಗೆ ಫೋನ್ ಮಾಡೋದು ಆ ಕೋಡ್ ಬರೆದು ಸೇರಿಸಿದವರಿಗೇ.

ಇದು ಯಾವಾಗ್ಲೂ ಸಲೀಸಾಗಿ ನಡೀತು ಅಂತಲ್ಲ. 90ರ ದಶಕದ ನಡುವೆ ಜಿಸಿಸಿ ಅಧಿಕೃತ ರಿಲೀಸ್‌ಗಳು ತುಂಬ ನಿಧಾನ ಆದ್ವು, ಪ್ಯಾಚ್ ಕಳಿಸಿದ್ರೆ ಒಳಗೆ ಹೋಗೋಕೆ ಕಾಯ್ತಾ ಕೂರಬೇಕು. 1997ರಲ್ಲಿ ಸಿಗ್ನಸ್ ಜನ ಮತ್ತು ಹೊರಗಿನ ಕೆಲವು ಡೆವಲಪರ್‌ಗಳು ಸೇರಿ ಇಜಿಸಿಎಸ್ ಅಂತ ಫೋರ್ಕ್ ಮಾಡಿದ್ರು, ಅಂದ್ರೆ ಅದೇ ಕೋಡ್ ತಗೊಂಡು ಬೇರೆ ಕವಲಾಗಿ ಬೆಳೆಸಿದ್ರು, ಡೆವಲಪ್‌ಮೆಂಟ್ ಎಲ್ಲರ ಕಣ್ಣೆದುರಿಗೆ, ಸೋರ್ಸ್ ಯಾರು ಯಾವಾಗ ಬೇಕಾದ್ರೂ ಎಳ್ಕೋಬಹುದು. ಅದು ಎಷ್ಟು ಚೆನ್ನಾಗಿ ನಡೀತು ಅಂದ್ರೆ 1999ರ ಏಪ್ರಿಲಲ್ಲಿ ಗ್ನು ಪ್ರಾಜೆಕ್ಟ್ ಹಿಂದಿರೋ ಸ್ಟಾಲ್ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಇಜಿಸಿಎಸ್ಸನ್ನೇ ಅಧಿಕೃತ ಜಿಸಿಸಿ ಅಂತ ಒಪ್ಕೊಳ್ತು, ಅದೇ ಜುಲೈಯಲ್ಲಿ ಜಿಸಿಸಿ 2.95 ಬಂತು. ಜಗಳ ಆಡಿ ಬೇರೆಯಾಗಿ ಹಾಗೇ ಉಳಿದ ಫೋರ್ಕ್‌ಗಳು ಬೇಕಾದಷ್ಟಿವೆ, ಹೀಗೆ ಒಳ್ಳೆ ಕೆಲಸ ಮಾಡಿ ತೋರಿಸಿ ಮತ್ತೆ ಒಂದಾಗಿದ್ದು ಅಪರೂಪ. ನಂಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಪ್ರ: ವೆಂಚರ್ ಕ್ಯಾಪಿಟಲ್ ತಗೊಂಡೇ ಇಲ್ವಾ?

ತಗೊಂಡ್ರು, ಆದ್ರೆ 1997ರಲ್ಲಿ, ಅಂದ್ರೆ ಶುರುವಾಗಿ ಸುಮಾರು ಎಂಟು ವರ್ಷ ಆದ್ಮೇಲೆ. ಕೊಟ್ಟಿದ್ದು ಗ್ರೇಲಾಕ್ ಮತ್ತು ಆಗಸ್ಟ್ ಕ್ಯಾಪಿಟಲ್ ಅನ್ನೋ ಹೂಡಿಕೆ ಸಂಸ್ಥೆಗಳು, 62.5 ಲಕ್ಷ ಡಾಲರ್. ಅಷ್ಟೊತ್ತಿಗೆ ಕಸ್ಟಮರ್ ಇದ್ರು, ಆದಾಯ ಇತ್ತು, ಏನ್ ಮಾರ್ತಿದೀವಿ ಅನ್ನೋದು ಗೊತ್ತಿತ್ತು. ಐಡಿಯಾ ಒಂದೇ ಇಟ್ಕೊಂಡು ಹೋಗಿ ಹೂಡಿಕೆ ತಗೊಳ್ಳೋಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಪ್ರ: ಮಾಡಿದ್ದೆಲ್ಲ ಗೆದ್ದಿತಾ?

ಇಲ್ಲ. 1998ರಲ್ಲಿ ಇಕಾಸ್ ಅಂತ ಎಂಬೆಡೆಡ್ ಆಪರೇಟಿಂಗ್ ಸಿಸ್ಟಮ್ ಬಿಟ್ರು, ಅದರ ಕೆಲಸ ಹೆಚ್ಚಾಗಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಆಫೀಸಲ್ಲಿ. ಟೆಕ್ನಿಕಲ್ಲಾಗಿ ಅಚ್ಚುಕಟ್ಟಾದ ಸಿಸ್ಟಮ್, ಬೇಕಾದ ಭಾಗ ಮಾತ್ರ ಇಟ್ಕೊಂಡು ಉಳಿದದ್ದು ತೆಗೆದು ಹಾಕೋ ಹಾಗೆ ಕಟ್ಟಿದ್ರು. ಆದ್ರೆ ರೆಡ್ ಹ್ಯಾಟ್ ಕೈಗೆ ಹೋದ್ಮೇಲೆ ಅವರ ಗಮನ ಲಿನಕ್ಸ್ ಕಡೆ, 2002ರಲ್ಲಿ ಆ ಟೀಮನ್ನ ಬಿಟ್ಟುಬಿಟ್ರು, ಅಲ್ಲಿಂದ ಹೊರಬಂದವರು ಇಕಾಸ್‌ಸೆಂಟ್ರಿಕ್ ಅಂತ ತಮ್ಮದೇ ಕಂಪನಿ ಮಾಡ್ಕೊಂಡು ಮುಂದುವರಿಸಿದ್ರು. ಓಪನ್ ಸೋರ್ಸ್ ಆಗಿದ್ದಕ್ಕೆ ಅದು ಸಾಧ್ಯ ಆಯ್ತು. ಜಾವಾ ಕೋಡನ್ನ ನೇರ ಮಷೀನ್ ಕೋಡ್ ಮಾಡೋ ಜಿಸಿಜೆ ಕೂಡ ಸಿಗ್ನಸಲ್ಲೇ ಹುಟ್ಟಿದ್ದು, ಅದು ಜಿಸಿಸಿ 7ರ ಹೊತ್ತಿಗೆ ಹೊರಗೆ ಹೋಯ್ತು.

ಪ್ರ: ರೆಡ್ ಹ್ಯಾಟಿಗೆ ಎಷ್ಟಕ್ಕೆ ಮಾರಿದ್ರು? ಮಾರಿದ್ದು ಸರಿನಾ?

1999ರ ನವೆಂಬರಲ್ಲಿ ಘೋಷಣೆ ಆಯ್ತು, ಸುಮಾರು 67 ಕೋಟಿ ಡಾಲರ್ ಬೆಲೆಯ ರೆಡ್ ಹ್ಯಾಟ್ ಷೇರುಗಳಲ್ಲಿ. ನಗದು ಅಲ್ಲ, ಅದು ಗಮನಿಸಿ, ರೆಡ್ ಹ್ಯಾಟ್ ಆಗಸ್ಟಲ್ಲಿ ತಾನೇ ಷೇರು ಮಾರುಕಟ್ಟೆಗೆ ಬಂದಿತ್ತು, ಡಾಟ್‌ಕಾಮ್ ಗುಳ್ಳೆ ತುದಿಯಲ್ಲಿದ್ದ ಕಾಲ, ಮುಂದಿನ ವರ್ಷದಲ್ಲೇ ಆ ಬೆಲೆಗಳೆಲ್ಲ ಕುಸಿದ್ವು. ಟೀಮನ್ ರೆಡ್ ಹ್ಯಾಟಿನ ಸಿಟಿಒ, ಅಂದ್ರೆ ತಂತ್ರಜ್ಞಾನದ ಮುಖ್ಯಸ್ಥ ಆದ್ರು. ಸರಿನಾ ಅಂದ್ರೆ, ಟೂಲ್ಸ್ ವಿಷಯಕ್ಕೆ ಸರಿನೇ ಆಯ್ತು ಅನ್ಸತ್ತೆ, ಜಿಸಿಸಿ, ಜಿಡಿಬಿ, ಜಿಲಿಬ್‌ಸಿ (ಗ್ನುನ ಸಿ ಲೈಬ್ರರಿ) ಮೇಲೆ ಕೆಲಸ ಮಾಡೋ ಅನುಭವಸ್ಥರಿಗೆ ಸಂಬಳ ನಿಲ್ಲಲಿಲ್ಲ. ಎಂಬೆಡೆಡ್ ಕಡೆಯ ಬಿಸಿನೆಸ್ಸಿಗೆ ಮಾತ್ರ ನಷ್ಟ ಆಯ್ತು, ಅದು ನಂಗೆ ಇವತ್ತಿಗೂ ಬೇಜಾರು.

ಪ್ರ: ಈಗಿನ ಕಾಲದಲ್ಲೂ ಈ ಮಾಡೆಲ್ ನಡೆಯುತ್ತಾ? ಎಲ್ಲರೂ ಲೈಸೆನ್ಸ್ ಬದಲಾಯಿಸ್ತಿದಾರಲ್ಲ?

ನಿಜ, ಕಾಲ ಬದಲಾಗಿದೆ. ಸಿಗ್ನಸ್ಸಿಗೆ ಕ್ಲೌಡ್ ಕಂಪನಿಗಳ ಕಾಟ ಇರಲಿಲ್ಲ. ನೀವು ಡೇಟಾಬೇಸ್ ಬರೆದ್ರೆ ದೊಡ್ಡ ಕ್ಲೌಡಿನವರು ಅದನ್ನೇ ತಮ್ಮ ಸರ್ವಿಸ್ ಅಂತ ಮಾರಬಹುದು, ಅದಕ್ಕೇ ಓಪನ್ ಸೋರ್ಸಿಂದ ಬೆಳೆದ ಕಂಪನಿಗಳಾದ ಇಲಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ ಲೈಸೆನ್ಸ್ ಬಿಗಿ ಮಾಡಿದ್ವು, ಮೂರಕ್ಕೂ ಫೋರ್ಕ್ ಹುಟ್ಟಿತು, ಓಪನ್‌ಸರ್ಚ್, ಓಪನ್‌ಟೋಫು, ವಾಲ್ಕಿ. ಇಲಾಸ್ಟಿಕ್ ಮತ್ತು ರೆಡಿಸ್ ಆಮೇಲೆ ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆನೂ ಸೇರಿಸಿದ್ವು.

ನಮ್ಮಲ್ಲೇ ಒಳ್ಳೆ ಉದಾಹರಣೆ ಇದೆ, ಮುಂಬೈನ ಫ್ರಾಪೆ. ರುಶಭ್ ಮೆಹ್ತಾ 2008ರಲ್ಲಿ ಶುರು ಮಾಡಿದ್ದು, ಕಂಪನಿಗಳ ಲೆಕ್ಕಪತ್ರ, ಸ್ಟಾಕ್ ಎಲ್ಲ ನೋಡ್ಕೊಳ್ಳೋ ಇಆರ್‌ಪಿನೆಕ್ಸ್ಟ್ ಅವರದ್ದೇ, ಪೂರ್ತಿ ಓಪನ್ ಸೋರ್ಸ್, ಆದಾಯ ಹೋಸ್ಟಿಂಗ್ ಮತ್ತು ಸಪೋರ್ಟಿನಿಂದ. ಅವರೂ ತುಂಬ ವರ್ಷ ಸಣ್ಣದಾಗೇ ಇದ್ದು, 2020ರಲ್ಲಿ ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧಾದವರ ರೈನ್‌ಮ್ಯಾಟರ್ ಅನ್ನೋ ಹೂಡಿಕೆ ಸಂಸ್ಥೆ ಕಡೆಯಿಂದ ಹೂಡಿಕೆ ತಗೊಂಡ್ರು, ಜೆರೋಧಾ ತಾನೇ ಅದನ್ನ ಬಳಸ್ತಿದ್ದ ಕಸ್ಟಮರ್ ಕೂಡ. ಸಿಗ್ನಸ್ ದಾರಿ ಇನ್ನೂ ಮುಚ್ಚಿಲ್ಲ ಅಂತ ನಾನು ಧೈರ್ಯವಾಗಿ ಹೇಳೋದು ಇಂಥವರನ್ನ ನೋಡಿ.

ಪ್ರ: ನಾವು ಇಬ್ರೇ ಇದೀವಿ, ಪ್ರಾಜೆಕ್ಟಿಗೆ ಬಳಕೆದಾರರು ಇದಾರೆ, ದುಡ್ಡಿಲ್ಲ. ಎಲ್ಲಿಂದ ಶುರು ಮಾಡೋದು?

ಬಳಕೆದಾರರಲ್ಲಿ ಯಾರು ಇದನ್ನ ನಂಬ್ಕೊಂಡು ತಮ್ಮ ಪ್ರಾಡಕ್ಟ್ ನಡೆಸ್ತಿದಾರೆ ಅಂತ ಪತ್ತೆ ಹಚ್ಚಿ, ಅವರ ಇಶ್ಯೂಗಳೇ ಹೇಳ್ತಾವೆ, ಪ್ರೊಡಕ್ಷನ್ ನಿಂತುಹೋಗಿದೆ ಅಂತ ರಾತ್ರಿ ಹನ್ನೊಂದಕ್ಕೆ ಬರೆಯೋರು ಅವರೇ. ಅವರಿಗೆ ವರ್ಷದ ಸಪೋರ್ಟ್ ಕಾಂಟ್ರಾಕ್ಟ್ ಕೊಡಿ, ಎಷ್ಟು ಗಂಟೆಯೊಳಗೆ ಉತ್ತರ ಕೊಡ್ತೀವಿ ಅಂತ ಬರವಣಿಗೆಯಲ್ಲಿರಲಿ, ಬೆಲೆ ಹೇಳೋಕೆ ಸಂಕೋಚ ಪಡಬೇಡಿ. ಸಂಕೋಚದಿಂದ ಕಮ್ಮಿ ಹೇಳಿ, ಆಮೇಲೆ ಆ ದುಡ್ಡಿಗೆ ಕೆಲಸ ಮಾಡೋಕಾಗದೆ ಪ್ರಾಜೆಕ್ಟೇ ಬಿಟ್ಟವರನ್ನ ನೋಡಿ ನಂಗೆ ತುಂಬ ಸಂಕಟ ಆಗಿದೆ. ಒಬ್ಬ ಕಸ್ಟಮರಿಗೆ ಮಾಡಿದ ಕೆಲಸ ಮೇನ್ ಸೋರ್ಸಿಗೆ ಹೋಗುತ್ತೆ ಅನ್ನೋದು ಮೊದಲ ಕಾಂಟ್ರಾಕ್ಟಲ್ಲೇ ಇರಲಿ, ಆಮೇಲೆ ಸೇರಿಸೋದು ಕಷ್ಟ. ಮತ್ತೆ ಟೆಸ್ಟ್ ಸೂಟಿಗೆ ಮೊದಲ ಆದಾಯದಲ್ಲೇ ಸಮಯ ಎತ್ತಿಡಿ, ಮೂರನೇ ಕಸ್ಟಮರ್ ಬಂದಾಗ ನಿಮ್ಮ ನಿದ್ದೆ ಉಳಿಸೋದು ಅದೇ.

ಪ್ರ: ಸಿಗ್ನಸ್ ಮಾಡಿದ ಕೆಲಸ ಇವತ್ತು ಎಲ್ಲಾದ್ರೂ ನೋಡೋಕೆ ಸಿಗುತ್ತಾ?

ಆರ್ಮ್ ಮೈಕ್ರೊಕಂಟ್ರೋಲರಿಗೆ ಜಿಸಿಸಿ ಹಾಕ್ಕೊಂಡು ಪ್ರೋಗ್ರಾಮ್ ಬರೀತಿದ್ರೆ ಪ್ರಿಂಟ್‌ಎಫ್ ಬರೋದು ಸಾಮಾನ್ಯವಾಗಿ ನ್ಯೂಲಿಬ್ ಇಂದ, ಅದು ಸಿಗ್ನಸ್ ಎಂಬೆಡೆಡ್ ಕೆಲಸಕ್ಕೆ ಅಂತಲೇ ಕಟ್ಟಿದ ಸಿ ಲೈಬ್ರರಿ. ಇಎಸ್‌ಪಿ32 ಬೋರ್ಡಿನ ಟೂಲ್‌ಚೈನಲ್ಲೂ ಅದೇ ಸೇರ್ಕೊಂಡು ಬಂದಿದೆ. ಜಿಡಿಬಿ, ಬಿನ್‌ಯುಟಿಲ್ಸ್ (ಅಸೆಂಬ್ಲರ್ ಲಿಂಕರ್ ಇರೋ ಕಟ್ಟು), ಜಿಲಿಬ್‌ಸಿ ಸೋರ್ಸ್ ಇರೋ ಸೋರ್ಸ್‌ವೇರ್ ಸರ್ವರ್ ಕೂಡ ಸಿಗ್ನಸ್ ಶುರು ಮಾಡಿದ್ದು, ಈಗ್ಲೂ ನಡೀತಿದೆ. ನ್ಯೂಲಿಬ್ ಸೋರ್ಸ್ ಇಳಿಸ್ಕೊಂಡು ಅದರ ಕಾಪಿರೈಟ್ ಫೈಲ್ ಮತ್ತೆ ಹಳೇ ಚೇಂಜ್‌ಲಾಗ್‌ಗಳನ್ನ ತೆಗೆದು ನೋಡಿ, 90ರ ದಶಕದಲ್ಲಿ ಯಾರು ಯಾವ ದಿನ ಯಾವ ಬಗ್ ಸರಿ ಮಾಡಿದ್ರು ಅಂತ ಸಾಲು ಸಾಲಾಗಿ ಬರೆದಿದಾರೆ, ಮುಂದೆ ಸಿಗ್ನಸ್ ಇಮೇಲ್ ವಿಳಾಸಗಳೂ ಸಿಗ್ತಾವೆ.